ಗೂಗಲ್‌ನಲ್ಲಿ ನಿಮ್ಮ ಕಾಫಿಪುಡಿ ಅಂಗಡಿ ಕಾಣುತ್ತಿಲ್ಲವಾ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಹೋದ ವರ್ಷ ಆಷಾಢದಲ್ಲಿ ನಮ್ಮ ಅಂಗಡಿಯ ವೆಬ್‌ಸೈಟನ್ನು ಹೊಸದಾಗಿ ಮಾಡಿಸಿದೆವು. ಹನುಮಂತನಗರದಲ್ಲಿ ಅಕ್ಕ ಮತ್ತು ನಾನು ನಡೆಸುವ ಸಣ್ಣ ಅಂಗಡಿ ಅದು. ಬೀಜ ಹುರಿದು, ಗಿರಾಕಿಯ ಎದುರಿಗೇ ಪುಡಿ ಮಾಡಿ ಕೊಡುತ್ತೇವೆ. ಹೊಸ ಸೈಟ್ ನೋಡೋಕೆ ಚೆನ್ನಾಗಿತ್ತು. ಆದರೆ ಗೌರಿ ಹಬ್ಬದ ಹೊತ್ತಿಗೆ ಆನ್‌ಲೈನ್ ಆರ್ಡರ್ ಪೂರ್ತಿ ನಿಂತುಹೋಯಿತು. ಅಂಗಡಿಯ ಹೆಸರನ್ನೇ ಹಾಕಿ ಹುಡುಕಿದರೂ ನಮ್ಮ ಸೈಟ್ ಬರುತ್ತಿರಲಿಲ್ಲ.

ಮೂರ್ನಾಲ್ಕು ಕಡೆ ವಿಚಾರಿಸಿದೆವು. ಎಲ್ಲರೂ ಒಂದೊಂದು ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸದ ಪ್ಯಾಕೇಜ್ ಹೇಳಿದರು. ತಿಂಗಳಿಗೆ ಇಷ್ಟು ಲೇಖನ, ಇಷ್ಟು ಲಿಂಕ್, ಇಷ್ಟು ದುಡ್ಡು. "ಏನಾಗಿದೆ ಅಂತ ಮೊದಲು ನೋಡೋಣ" ಎಂದವರು ಒಬ್ಬರೂ ಇಲ್ಲ. ಕೊನೆಗೆ ನಾವೇ ಕೂತು ನೋಡಿದಾಗ ಸಿಕ್ಕಿದ್ದು ಒಂದು ಟಿಕ್ ಗುರುತು. ಅದನ್ನು ತೆಗೆಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಆಮೇಲೆ ಇದೇ ವ್ಯಾಪಾರದಲ್ಲಿರುವ ನಾಲ್ಕೈದು ಪರಿಚಯದವರ ಸೈಟ್ ಮತ್ತು ಮ್ಯಾಪ್ ನೋಡಿಕೊಟ್ಟಿದ್ದೇನೆ. ಒಬ್ಬೊಬ್ಬರದು ಒಂದೊಂದು ದೋಷ. ಡಿಕಾಕ್ಷನ್ ಇಳಿಯದಿದ್ದರೆ ಹಾಲು ಬದಲಾಯಿಸಿ ಉಪಯೋಗವಿಲ್ಲ. ಪುಡಿ ತೀರಾ ನುಣ್ಣಗಾಗಿದೆಯಾ, ಫಿಲ್ಟರ್ ತೂತು ಕಟ್ಟಿಕೊಂಡಿದೆಯಾ ಎಂದು ನೋಡಬೇಕು. ಇಲ್ಲೂ ಹಾಗೇ. ಎಲ್ಲಿ ಕಟ್ಟಿಕೊಂಡಿದೆ ಎಂದು ಗೊತ್ತಾಗುವ ತನಕ ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಲಕ್ಷಣ ಯಾವುದು?

"ವ್ಯಾಪಾರ ಆಗ್ತಾ ಇಲ್ಲ" ಅನ್ನುವುದು ಲಕ್ಷಣ ಅಲ್ಲ. ಅದಕ್ಕಿಂತ ಬಿಡಿಸಿ ನೋಡಬೇಕು. ಅಂಗಡಿ ಹೆಸರು ಹಾಕಿದರೂ ಸೈಟ್ ಬರುತ್ತಿಲ್ಲವಾ? ಹೆಸರಿಗೆ ಬರುತ್ತದೆ, "ಫಿಲ್ಟರ್ ಕಾಫಿ ಪುಡಿ" ಎಂದು ಹಾಕಿದರೆ ಬರುವುದಿಲ್ಲವಾ? ಸೈಟ್ ಬರುತ್ತದೆ, ಮ್ಯಾಪಿನಲ್ಲಿ ಅಂಗಡಿ ಇಲ್ಲವಾ? ಎಲ್ಲ ಕಡೆ ಕಾಣುತ್ತದೆ, ಯಾರೂ ಒತ್ತುವುದಿಲ್ಲವಾ? ಅಥವಾ ಒತ್ತಿ ಒಳಗೆ ಬಂದವರು ಕೊಳ್ಳದೆ ವಾಪಸ್ ಹೋಗುತ್ತಿದ್ದಾರಾ? ಈ ಐದೂ ಬೇರೆ ಬೇರೆ ತೊಂದರೆಗಳು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ನಿಮ್ಮ ಫೋನಿನಲ್ಲಿ ಹುಡುಕಿ ನೋಡಿದರೆ ಸಾಲದು. ನೀವು ಅಂಗಡಿಯಲ್ಲೇ ನಿಂತಿರುತ್ತೀರಿ, ದಿನಾ ನಿಮ್ಮ ಸೈಟನ್ನೇ ತೆಗೆಯುತ್ತಿರುತ್ತೀರಿ. ಹಾಗಾಗಿ ಅಲ್ಲಿ ನಿಮ್ಮ ಅಂಗಡಿ ಮೇಲೆ ಬರುವುದು ಸಹಜ. ವಿಜಯನಗರದಲ್ಲೋ ಯಲಹಂಕದಲ್ಲೋ ಇರುವ ನೆಂಟರಿಗೆ ಹೇಳಿ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಅದಕ್ಕಿಂತ ನಂಬಬಹುದಾದದ್ದು ಗೂಗಲ್ ಸರ್ಚ್ ಕನ್ಸೋಲ್. ಇದಕ್ಕೆ ದುಡ್ಡಿಲ್ಲ. ಯಾವ ಪದ ಹುಡುಕಿದಾಗ ನಿಮ್ಮ ಪುಟ ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು ಎಂದು 16 ತಿಂಗಳ ಲೆಕ್ಕ ಕೊಡುತ್ತದೆ. ಆದರೆ ಖಾತೆ ತೆರೆಯುವ ಮುಂಚಿನ ಲೆಕ್ಕ ಪೂರ್ತಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಇನ್ನೂ ತೆರೆದಿಲ್ಲದಿದ್ದರೆ ಇವತ್ತೇ ತೆರೆಯಿರಿ.

ಹೆಸರು ಹಾಕಿದರೂ ಬರುತ್ತಿಲ್ಲ

ಗೂಗಲ್‌ನ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್ ವಿಳಾಸ ಬರೆಯಿರಿ. ನಿಮ್ಮ ಪುಟಗಳು ಬಂದರೆ ಗೂಗಲ್‌ಗೆ ನಿಮ್ಮ ಸೈಟ್ ಗೊತ್ತಿದೆ ಎಂದರ್ಥ. ಒಂದೂ ಬರದಿದ್ದರೆ ಬಾಗಿಲೇ ಮುಚ್ಚಿರುವ ಸಾಧ್ಯತೆ ಜಾಸ್ತಿ.

ನಮಗೆ ಆಗಿದ್ದು ಇದೇ. ನಮ್ಮ ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. ಅದರ ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಎಂಬ ಪುಟ ಇದೆ. ಅದರ ಕೆಳಗಡೆ, ಈ ಸೈಟನ್ನು ಸೇರಿಸಿಕೊಳ್ಳಬೇಡಿ ಎಂದು ಸರ್ಚ್ ಎಂಜಿನ್‌ಗಳಿಗೆ ಹೇಳುವ ಒಂದು ಪುಟ್ಟ ಚೌಕ. ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟಗಳು ಹೊರಗೆ ಕಾಣಬಾರದು ಎಂದು ಅದಕ್ಕೆ ಟಿಕ್ ಹಾಕುತ್ತಾರೆ. ಅದು ತಪ್ಪಲ್ಲ, ಒಳ್ಳೆಯ ಅಭ್ಯಾಸವೇ. ಕೆಲಸ ಮುಗಿದ ಮೇಲೆ ತೆಗೆಯುವುದನ್ನು ಮರೆತಿದ್ದರು. ಎರಡು ತಿಂಗಳು ನಾವೇ ಗೂಗಲ್‌ಗೆ "ಬರಬೇಡ" ಎಂದು ಹೇಳುತ್ತಾ ಕೂತಿದ್ದೆವು. ಅಕ್ಕ ಆ ಚೌಕ ನೋಡಿ, "ಇಷ್ಟೇನಾ? ಇದಕ್ಕೇ ಹಬ್ಬದ ವ್ಯಾಪಾರ ಹೋಯ್ತಾ?" ಎಂದು ಸುಮ್ಮನೆ ಕೂತುಬಿಟ್ಟಳು.

ವರ್ಡ್‌ಪ್ರೆಸ್ ಇಲ್ಲದವರು ಸರ್ಚ್ ಕನ್ಸೋಲ್‌ನ ಮೇಲ್ಭಾಗದಲ್ಲಿರುವ ಪರಿಶೀಲನೆ ಜಾಗದಲ್ಲಿ ತಮ್ಮ ಪುಟದ ವಿಳಾಸ ಹಾಕಿ ನೋಡಿ. ಕಾರಣವನ್ನು ಅದೇ ಹೇಳುತ್ತದೆ. "ನೋಇಂಡೆಕ್ಸ್", ಅಂದರೆ ಪಟ್ಟಿಗೆ ಸೇರಿಸಬೇಡ, ಎಂದು ಬಂದರೆ ನಮ್ಮದೇ ಕಥೆ. "ರೋಬೋಟ್ಸ್ ಫೈಲ್ ತಡೆದಿದೆ" ಎಂದು ಬಂದರೆ ಆ ಫೈಲನ್ನು ತಿದ್ದಿಸಬೇಕು; ಯಾವ ಪುಟದೊಳಗೆ ಬರಬಹುದು, ಯಾವುದಕ್ಕೆ ಬರಬಾರದು ಎಂದು ಸರ್ಚ್ ಎಂಜಿನ್‌ಗಳಿಗೆ ಹೇಳುವ ಫೈಲ್ ಅದು. ಎರಡೂ ಒಟ್ಟಿಗೆ ಇದ್ದರೆ ಮೊದಲು ರೋಬೋಟ್ಸ್ ತಡೆಯನ್ನು ತೆಗೆಯಿರಿ. ಯಾಕೆಂದರೆ ಗೂಗಲ್ ಪುಟದ ಒಳಗೆ ಬರಲಾಗದಿದ್ದರೆ ಅಲ್ಲಿರುವ ನೋಇಂಡೆಕ್ಸ್ ಇದೆಯಾ, ಹೋಯಿತಾ ಎಂದು ಅದಕ್ಕೆ ತಿಳಿಯುವುದೇ ಇಲ್ಲ.

"ಓದಿದ್ದೇವೆ, ಸದ್ಯಕ್ಕೆ ಸೇರಿಸಿಲ್ಲ" ಎಂಬ ಅರ್ಥದ ಮಾತು ಬಂದರೆ ಬಾಗಿಲಿನದು ತೊಂದರೆ ಅಲ್ಲ. ಎಷ್ಟೋ ಸಲ ಪುಟದಲ್ಲಿ ಹುರುಳಿರುವುದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಕನ್ನಡ ಇದೆ, ಆದರೆ ಗೂಗಲ್‌ಗೆ ಕನ್ನಡ ಕಾಣುತ್ತಿಲ್ಲ

ಇದು ನಮ್ಮವರಿಗೇ ಬರುವ ತೊಂದರೆ. ಇಂಗ್ಲಿಷಿನ ಕೈಪಿಡಿಗಳಲ್ಲಿ ನನಗೆ ಎಲ್ಲೂ ಸಿಗಲಿಲ್ಲ.

ಚಾಮರಾಜಪೇಟೆಯ ಒಬ್ಬ ಹಿರಿಯರ ಸೈಟ್ ನೋಡಿದೆ. ಅಚ್ಚಗನ್ನಡದಲ್ಲಿ ಚೆಂದವಾಗಿ ಬರೆಸಿದ್ದರು. ಕಣ್ಣಿಗೆ ಎಲ್ಲ ಸರಿ. ಅದರಲ್ಲಿನ "ಕಾಫಿ" ಎಂಬ ಪದವನ್ನು ಆಯ್ದು, ಕಾಪಿ ಮಾಡಿ, ವಾಟ್ಸಾಪ್‌ನಲ್ಲಿ ಹಾಕಿದೆ. ಬಂದದ್ದು ಇಂಗ್ಲಿಷ್ ಅಕ್ಷರ, ಒಂದೆರಡು ವಿಚಿತ್ರ ಗುರುತು. ಕಾಫಿಯ ಸುಳಿವೇ ಇಲ್ಲ. ಡಿಟಿಪಿಯವರು ಕರಪತ್ರಕ್ಕೆ ಹಳೆಯ ನುಡಿ ಫಾಂಟ್‌ನಲ್ಲಿ ಕಂಪೋಸ್ ಮಾಡಿದ್ದನ್ನೇ ಸೈಟಿಗೂ ಹಾಕಿದ್ದರು. ಆ ಫಾಂಟ್‌ನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲಿನ ವೇಷ ಮಾತ್ರ ಕನ್ನಡ. ಗೂಗಲ್ ಓದುವುದು ಒಳಗಿರುವುದನ್ನು. ಹಾಗಾಗಿ ಆ ಇಡೀ ಸೈಟಿನಲ್ಲಿ ಗೂಗಲ್ ಪಾಲಿಗೆ ಕನ್ನಡದ ಒಂದು ಪದವೂ ಇರಲಿಲ್ಲ.

ನೀವೂ ಹೀಗೆ ಕಾಪಿ ಮಾಡಿ ನೋಡಿ, ಹತ್ತು ಸೆಕೆಂಡಿನ ಕೆಲಸ. ವಾಟ್ಸಾಪ್‌ನಲ್ಲಿ ಕನ್ನಡವೇ ಬಂದರೆ ಯೂನಿಕೋಡ್‌ನಲ್ಲಿದೆ, ಅಂದರೆ ಒಳಗಿನ ಸಂಕೇತವೂ ಕನ್ನಡದ್ದೇ, ಚಿಂತೆ ಇಲ್ಲ. ಇಲ್ಲದಿದ್ದರೆ ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನು ಒಂದು ಸಲ ಕಣ್ಣಾಡಿಸಿ ತಿದ್ದಿ.

ಪದವನ್ನು ಆಯ್ಕೆ ಮಾಡಲೇ ಆಗದಿದ್ದರೆ ಅದು ಚಿತ್ರ. ಬೆಲೆಪಟ್ಟಿಯನ್ನು ಪೋಸ್ಟರ್ ಮಾಡಿ ಹಾಕುವವರು ಬಹಳ ಜನ. ಪೋಸ್ಟರ್ ಇರಲಿ, ಅದರ ಕೆಳಗೆ ಅದೇ ವಿಷಯವನ್ನು ಅಕ್ಷರದಲ್ಲೂ ಬರೆಯಿರಿ. ಇನ್ನು, ಬಟನ್ ಒತ್ತಿದರೆ ಪುಟವನ್ನು ಅಲ್ಲೇ ಕನ್ನಡಕ್ಕೆ ತಿರುಗಿಸುವ ಅನುವಾದದ ಸವಲತ್ತು ಓದುಗನಿಗೆ ಮಾತ್ರ. ಅದರಿಂದ ಹುಡುಕಾಟಕ್ಕೆ ಸಿಗುವ ಕನ್ನಡ ಪುಟ ಹುಟ್ಟುವುದಿಲ್ಲ. ಕನ್ನಡಕ್ಕೆ ಅದರದೇ ವಿಳಾಸ ಇರುವ ಪುಟ ಬೇಕು.

ಮ್ಯಾಪಿನಲ್ಲಿ ಅಂಗಡಿ ತಪ್ಪಿದೆ

ಸಣ್ಣ ಕಾಫಿ ವ್ಯಾಪಾರಕ್ಕೆ ಸೈಟಿಗಿಂತ ಮ್ಯಾಪ್ ದೊಡ್ಡದು. ನನ್ನ ಕೈಯಲ್ಲಿ ಒಂದೇ ದಿನ ಇದ್ದರೆ ಇಡೀ ದಿನವನ್ನು ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೇ, ಅಂದರೆ ಮ್ಯಾಪಿನಲ್ಲಿ ಅಂಗಡಿಯ ವಿವರ ತೋರಿಸುವ ಖಾತೆಗೇ, ಕೊಡುತ್ತೇನೆ. 2021ರವರೆಗೆ ಇದನ್ನೇ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು.

ಮೊದಲು ಪಿನ್ ನೋಡಿ. ಬೆಂಗಳೂರಿನ ವಿಳಾಸಗಳ ಗೋಳು ನಿಮಗೆ ಗೊತ್ತೇ ಇದೆ. ಮಲ್ಲೇಶ್ವರದಲ್ಲಿ 8ನೇ ಕ್ರಾಸ್ ಇದೆ, ಜಯನಗರದಲ್ಲೂ ಇದೆ, ಒಂದೇ ಬಡಾವಣೆಯ ಬೇರೆ ಬೇರೆ ಬ್ಲಾಕಿನಲ್ಲೂ ಇರುತ್ತದೆ. ವಿಳಾಸ ಬರೆದು ಸುಮ್ನೆ ಬಿಟ್ಟರೆ ಪಿನ್ ಎಲ್ಲೋ ಕೂರುತ್ತದೆ. ನಮ್ಮದು ಎರಡು ರಸ್ತೆ ಆಚೆ, ಒಂದು ಮನೆಯ ಗೇಟಿನ ಮೇಲೆ ಕೂತಿತ್ತು. ಡೆಲಿವರಿ ಹುಡುಗರು ಅಲ್ಲಿಗೆ ಹೋಗಿ ಬೆಲ್ ಮಾಡುತ್ತಿದ್ದರು. ಆ ಮನೆಯ ಅಜ್ಜಿಯೇ ಒಂದು ದಿನ ನಡೆದುಕೊಂಡು ಬಂದು, "ಏನಮ್ಮಾ, ನಿಮ್ಮ ಕಾಫಿಪುಡಿ ಕೇಳ್ಕೊಂಡು ದಿನಾ ನಮ್ಮ ಮನೆಗೆ ಬರ್ತಾರಲ್ಲ!" ಎಂದು ಅಕ್ಕನಿಗೆ ಹೇಳಿದರು. ಪಿನ್ ಅನ್ನು ಬೆರಳಿನಿಂದ ಎಳೆದು ನಿಮ್ಮ ಅಂಗಡಿಯ ಬಾಗಿಲ ಮೇಲೆ ಕೂರಿಸಿ. ಸ್ಯಾಟಲೈಟ್ ಚಿತ್ರ ಹಾಕಿಕೊಂಡರೆ ಸೂರು ಗುರುತಿಸುವುದು ಸುಲಭ.

ಎರಡನೆಯದು ವರ್ಗ. ಕಾಫಿಪುಡಿ ಮಾರುವವರು ಎಷ್ಟೋ ಜನ ಕಾಫಿ ಶಾಪ್ ಎಂದು ಹಾಕಿಕೊಂಡಿರುತ್ತಾರೆ. ಅದು ಕೂತು ಕುಡಿಯುವ ಜಾಗ. ಪುಡಿ, ಬೀಜ ಮಾರುವವರಿಗೆ ಕಾಫಿ ಸ್ಟೋರ್, ಹುರಿಯುವವರಿಗೆ ಕಾಫಿ ರೋಸ್ಟರ್ಸ್ ಎಂಬ ವರ್ಗ ಬೇರೆ ಇದೆ. ಮುಖ್ಯ ವರ್ಗ ತಪ್ಪಿದ್ದರೆ "ಹತ್ತಿರದ ಕಾಫಿಪುಡಿ ಅಂಗಡಿ" ಎಂದು ಹುಡುಕುವವರ ಕಣ್ಣಿಗೆ ಬೀಳುವುದು ಕಷ್ಟ.

ಹೆಸರಿನಲ್ಲಿ ಆಟ ಆಡಬೇಡಿ. ಬೋರ್ಡಿನ ಮೇಲೆ ಏನಿದೆಯೋ ಪ್ರೊಫೈಲ್‌ನಲ್ಲೂ ಅದೇ ಇರಬೇಕು. ಅಂಗಡಿ ಹೆಸರಿಗೆ "ಬೆಸ್ಟ್ ಫಿಲ್ಟರ್ ಕಾಫಿ ಪೌಡರ್ ಬೆಂಗಳೂರು" ಎಂದು ಬಾಲ ಕಟ್ಟುವುದು ಗೂಗಲ್ ನಿಯಮಕ್ಕೆ ವಿರುದ್ಧ. ಪ್ರೊಫೈಲ್ ಅಮಾನತು ಆಗಬಹುದು. ಅಮಾನತಾದರೆ ಬೋರ್ಡ್ ಫೋಟೊ, ಲೈಸೆನ್ಸ್, ಕರೆಂಟ್ ಬಿಲ್ ಎಲ್ಲ ಹಿಡಿದುಕೊಂಡು ಮೇಲ್ಮನವಿ ಹಾಕಬೇಕು.

ಅಂಗಡಿ ಜಾಗ ಬದಲಾಯಿಸಿದ್ದರೆ ಹೊಸ ಪ್ರೊಫೈಲ್ ಮಾಡಬೇಡಿ, ಹಳೆಯದರಲ್ಲೇ ವಿಳಾಸ ತಿದ್ದಿ. ಇಲ್ಲದಿದ್ದರೆ ಎರಡು ಪ್ರೊಫೈಲ್ ಆಗಿ, ರಿವ್ಯೂ ಎಲ್ಲ ಹಳೆಯದರಲ್ಲೇ ಉಳಿಯುತ್ತದೆ. ಮನೆಯಲ್ಲೇ ಪುಡಿ ಮಾಡಿ ಡೆಲಿವರಿ ಕೊಡುವವರು ಮನೆ ವಿಳಾಸ ಮುಚ್ಚಿಟ್ಟು, ಸೇವೆ ಕೊಡುವ ಪ್ರದೇಶಗಳನ್ನು ಮಾತ್ರ ತೋರಿಸಬಹುದು. 20 ಪ್ರದೇಶಗಳವರೆಗೆ ಅವಕಾಶ ಇದೆ.

ಎಲ್ಲ ಸರಿ ಇದ್ದೂ ದೂರದವರಿಗೆ ಕಾಣುತ್ತಿಲ್ಲ ಎಂದರೆ ಅದು ದೋಷ ಅಲ್ಲ. ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರುವಾಸಿ ಎಂಬ ಮೂರನ್ನು ಗೂಗಲ್ ನೋಡುತ್ತದೆ. ದೂರವನ್ನು ನಾವು ಬದಲಾಯಿಸಲಾಗದು. ವೈಟ್‌ಫೀಲ್ಡ್‌ನಲ್ಲಿ ಕೂತು ಹತ್ತಿರದ ಅಂಗಡಿ ಹುಡುಕುವವರಿಗೆ ಹನುಮಂತನಗರದ ಅಂಗಡಿ ತೋರಿಸಲಿ ಎಂದು ದುಡ್ಡು ಸುರಿಯುವುದು ವ್ಯರ್ಥ. ಹೆಸರುವಾಸಿಗೆ ರಿವ್ಯೂ ಬೇಕು. ರಿಯಾಯಿತಿ ಕೊಟ್ಟು ಬರೆಸಬಾರದು, ಅದಕ್ಕೆ ಅನುಮತಿ ಇಲ್ಲ. ತಿಂಗಳಾನುಗಟ್ಟಲೆ ಪುಡಿ ಒಯ್ಯುವ ಗಿರಾಕಿಗಳನ್ನು ಬಾಯಿಬಿಟ್ಟು ಕೇಳಿ, ಖುಷಿಯಿಂದ ಬರೆಯುತ್ತಾರೆ.

ಹೆಸರಿಗೆ ಬರುತ್ತದೆ, "ಕಾಫಿ ಪುಡಿ"ಗೆ ಬರುವುದಿಲ್ಲ

ಸರ್ಚ್ ಕನ್ಸೋಲ್‌ನಲ್ಲಿ ಹುಡುಕಿದ ಪದಗಳ ಪಟ್ಟಿ ತೆಗೆಯಿರಿ. ಬರೀ ನಿಮ್ಮ ಅಂಗಡಿ ಹೆಸರೇ ಇದ್ದರೆ, ನೀವು ಏನು ಮಾರುತ್ತೀರಿ ಎಂದು ಪುಟಗಳು ಹೇಳುತ್ತಿಲ್ಲ.

ಮೊದಲು ಶೀರ್ಷಿಕೆ. ಬ್ರೌಸರ್ ಟ್ಯಾಬ್‌ನಲ್ಲಿ "ಹೋಮ್" ಎಂದು ಕಾಣುತ್ತಿದೆಯಾ? ನಾನು ನೋಡಿದ ಎರಡು ಸೈಟಿನಲ್ಲಿ ಹಾಗೇ ಇತ್ತು. "ಪೀಬೆರಿ ಫಿಲ್ಟರ್ ಕಾಫಿ ಪುಡಿ, ಚಿಕೋರಿ ಇಲ್ಲದ್ದು, ಹನುಮಂತನಗರ ಬೆಂಗಳೂರು" ಎಂದು ಬರೆದರೆ ಗೂಗಲ್‌ಗೂ ಗೊತ್ತಾಗುತ್ತದೆ, ಗಿರಾಕಿಗೂ ಗೊತ್ತಾಗುತ್ತದೆ. ಪುಟದೊಳಗೆ ಕಾಣದಂತೆ ಪದಗಳ ಪಟ್ಟಿ ಇಡುವ ಕೀವರ್ಡ್ ಟ್ಯಾಗ್ ತುಂಬಿಸಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ರ‍್ಯಾಂಕಿಂಗ್‌ಗೆ ಆ ಟ್ಯಾಗ್ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಆಮೇಲೆ ಹುರುಳಿನ ವಿಷಯ. ಆರು ಬಗೆಯ ಪುಡಿಗೆ ಆರು ಪುಟ, ಆರರಲ್ಲೂ "ಉತ್ಕೃಷ್ಟ ಗುಣಮಟ್ಟದ, ಸುವಾಸನೆಭರಿತ" ಎಂಬ ಅದೇ ಎರಡು ಸಾಲು. ಓದಿಯೂ ಸೇರಿಸಿಕೊಳ್ಳದ ಪುಟಗಳು ಬಹಳಷ್ಟು ಇಂಥವೇ. ಹಾಗಾದರೆ ಏನು ಬರೆಯಬೇಕು? ಕೌಂಟರಿನಲ್ಲಿ ಏನು ಹೇಳುತ್ತೀರೋ ಅದನ್ನು ಬರೆಯಿರಿ.

ನಮ್ಮಲ್ಲಿ ಬೆಳಿಗ್ಗೆ ಬರುವ ಹೊಸ ಗಿರಾಕಿ ಕೇಳುವುದು ಹೀಗೆ. "ಪೀಬೆರಿ ಅಂದ್ರೆ ಏನಕ್ಕ, ಯಾಕೆ ಜಾಸ್ತಿ ರೇಟು?" ಅಕ್ಕ ಕಾಳು ಕೈಗೆ ಹಾಕಿ ತೋರಿಸುತ್ತಾಳೆ. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ ಇರುತ್ತವೆ, ಒಂದಕ್ಕೊಂದು ಒತ್ತಿಕೊಂಡು ಒಂದು ಮಗ್ಗುಲು ಚಪ್ಪಟೆ. ಕೆಲವು ಹಣ್ಣಿನಲ್ಲಿ ಒಂದೇ ಬೆಳೆಯುತ್ತದೆ, ಅದು ಬಟಾಣಿಯ ಹಾಗೆ ದುಂಡಗೆ. ಅದೇ ಪೀಬೆರಿ. ಆರಿಸಿ ಬೇರೆ ಮಾಡಬೇಕು, ಸಿಗುವುದೂ ಕಡಿಮೆ. ಪ್ಲಾಂಟೇಶನ್ ಎ ಎಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾದಲ್ಲಿ ದಪ್ಪ ಕಾಳು. ರೋಬಸ್ಟಾ ಸೇರಿಸಿದರೆ ಡಿಕಾಕ್ಷನ್‌ಗೆ ಗಟ್ಟಿತನ, ಕಹಿ, ಕೆಫೀನ್ ಮೂರೂ ಜಾಸ್ತಿ. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ, ಬಣ್ಣ ಮತ್ತು ಮಂದ ಕೊಡುತ್ತದೆ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಬೇಕು, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು ಎಂಬುದು ನಿಯಮ.

ಈ ಮಾತುಗಳನ್ನು ಅಕ್ಕನ ಬಾಯಲ್ಲಿ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಹಾಗೇ ಪುಟಕ್ಕೆ ಇಳಿಸಿದೆ. ಒಂದು ಪುಟಕ್ಕೆ ಒಂದು ಪ್ರಶ್ನೆ. ಕಾಫಿ ಚಿಕೋರಿ 80:20 ಒಳ್ಳೆಯದಾ 70:30 ಒಳ್ಳೆಯದಾ, ಸ್ಟೀಲ್ ಫಿಲ್ಟರ್‌ಗೆ ಪುಡಿ ಎಷ್ಟು ತರಿ ಇರಬೇಕು, ಹುರಿದ ಪುಡಿಯ ಘಮ ಎಷ್ಟು ದಿನ ಉಳಿಯುತ್ತದೆ. ನಮ್ಮ ಸೈಟಿಗೆ ಈಗ ಬರುವವರಲ್ಲಿ ಹೆಚ್ಚಿನವರು ಇಂಥ ಪುಟಗಳಿಂದಲೇ ಬರುತ್ತಾರೆ. ಬರೀ "ಕಾಫಿ" ಎಂಬ ಪದಕ್ಕೆ ದೊಡ್ಡ ಬ್ರಾಂಡ್‌ಗಳ ಜೊತೆ ಗುದ್ದಾಡಿ ಗೆಲ್ಲಲಾಗದು, ಬೇಕಾಗಿಯೂ ಇಲ್ಲ. ಬೀಜ ಯಾವ ಸೀಮೆಯದು ಎಂದೂ ಬರೆಯಿರಿ. ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಕೊಡಗು ಅರೇಬಿಕಾ ಮೂರಕ್ಕೂ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆದರೆ ಬೀಜ ನಿಜವಾಗಿ ಅಲ್ಲಿಂದ ಬಂದಿದ್ದರೆ ಮಾತ್ರ ಆ ಹೆಸರು ಹಾಕಿ.

ಕನ್ನಡದಲ್ಲಿ ಹುಡುಕುವವರು ಒಂದೇ ಥರ ಬರೆಯುವುದಿಲ್ಲ. ಕಾಫಿಪುಡಿ, ಕಾಫಿ ಪುಡಿ, ಕಾಫಿ ಪೌಡರ್. ಮೂರೂ ಸಹಜವಾಗಿ ಬರುವ ಕಡೆ ಬರಲಿ. ತುರುಕಬೇಡಿ.

ಕಾಣುತ್ತದೆ, ಒತ್ತುವುದಿಲ್ಲ. ಒತ್ತುತ್ತಾರೆ, ಕೊಳ್ಳುವುದಿಲ್ಲ

ಕಂಡ ಸಲ ಜಾಸ್ತಿ, ಒತ್ತಿದ್ದು ಕಡಿಮೆ ಎಂದಿದ್ದರೆ ಮೊದಲು ಸ್ಥಾನ ನೋಡಿ. ಇಪ್ಪತ್ತನೇ ಸ್ಥಾನದಲ್ಲಿ ಕಂಡರೆ ಯಾರೂ ಒತ್ತುವುದಿಲ್ಲ, ಅದು ಶೀರ್ಷಿಕೆಯ ತಪ್ಪಲ್ಲ. ಮೇಲೇ ಇದ್ದು ಒತ್ತುತ್ತಿಲ್ಲ ಎಂದರೆ ಶೀರ್ಷಿಕೆ, ವಿವರಣೆ ತಿದ್ದಿ. 2024ರ ಆಗಸ್ಟ್‌ನಿಂದ ಭಾರತದಲ್ಲೂ ಗೂಗಲ್ ಕೆಲವು ಪ್ರಶ್ನೆಗೆ ಮೇಲ್ಗಡೆಯೇ ಎಐ ಉತ್ತರ ಕೊಡುತ್ತಿದೆ. ಪ್ರಶ್ನೆಯ ಪುಟಗಳಿಗೆ ಅದರಿಂದ ಒತ್ತುವವರು ಕಡಿಮೆಯಾಗಬಹುದು.

ಒಳಗೆ ಬಂದು ವಾಪಸ್ ಹೋಗುವವರಿಗೆ ನಿಧಾನವೂ ಒಂದು ಕಾರಣ. ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿ, ಮೊಬೈಲ್ ಅಂಕಿ ನೋಡಿ. ಪುಟ ತೆರೆದಾಗ ಕಾಣುವ ಅತಿ ದೊಡ್ಡ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಬರಬೇಕು. ಕಾಫಿ ಸೈಟುಗಳಲ್ಲಿ ತಪ್ಪು ಸಾಮಾನ್ಯವಾಗಿ ಮೇಲ್ಗಡೆ ಹಾಕಿದ ದೊಡ್ಡ ಫೋಟೊದ್ದು. ಕ್ಯಾಮೆರಾದಿಂದ ನೇರ ಹಾಕಿರುತ್ತಾರೆ. ಚಿಕ್ಕದು ಮಾಡಿ ಹಾಕಿ, ಮುಗಿಯಿತು.

ಇನ್ನೊಂದು ಕಾರಣ ಬೆಲೆ. ಕಾಫಿ ಬೀಜದ ಬೆಲೆ ಈಚಿನ ವರ್ಷಗಳಲ್ಲಿ ಏರಿದ್ದು ಎಲ್ಲರಿಗೂ ಗೊತ್ತು. ಸೈಟಿನಲ್ಲಿ ಹಳೆಯ ಬೆಲೆ, ಫೋನ್ ಮಾಡಿದರೆ ಹೊಸ ಬೆಲೆ ಎಂದಾದರೆ ಆ ಗಿರಾಕಿ ಮತ್ತೆ ಬರುವುದಿಲ್ಲ. ಬೆಲೆ, ತೂಕ, ಡೆಲಿವರಿ ಚಾರ್ಜ್, ಆಹಾರ ಪರವಾನಗಿ ಕೊಡುವ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಎಲ್ಲವೂ ಪುಟದಲ್ಲೇ ಕಾಣಲಿ.

ಚೆನ್ನಾಗಿದ್ದದ್ದು ಇದ್ದಕ್ಕಿದ್ದಂತೆ ಬಿದ್ದರೆ

ಬಿದ್ದ ದಿನಾಂಕ ಹುಡುಕಿ. ಆ ವಾರ ಏನು ಬದಲಾಯಿಸಿದಿರಿ? ಹೊಸ ಸೈಟ್ ಮಾಡಿ ಹಳೆಯ ಪುಟಗಳ ವಿಳಾಸ ಬದಲಾಗಿದ್ದರೆ, ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಾಯಂ ಆಗಿ ಕಳಿಸುವ ಏರ್ಪಾಡು, ಹಾಕಿಸಬೇಕು. ಒಂದು ಹಳೆಯ ವಿಳಾಸಕ್ಕೆ ಅದಕ್ಕೆ ಹೊಂದುವ ಒಂದು ಹೊಸ ವಿಳಾಸ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಆಗದು. ನೀವು ಏನೂ ಮುಟ್ಟಿಲ್ಲದಿದ್ದರೆ ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಬೇಸಿಗೆಯಲ್ಲಿ ಇಳಿಯುವುದು ನಮ್ಮ ವ್ಯಾಪಾರದ ಸ್ವಭಾವವೂ ಇರಬಹುದು. ಮ್ಯಾಪಿನಲ್ಲಿ ಫೋನ್ ಬರುವುದು ನಿಂತಿದ್ದರೆ "ತಾತ್ಕಾಲಿಕವಾಗಿ ಮುಚ್ಚಿದೆ" ಎಂದು ತೋರಿಸುತ್ತಿದೆಯಾ ನೋಡಿ. ಬೇರೆಯವರೂ ತಿದ್ದುಪಡಿ ಸೂಚಿಸಬಹುದು, ಹಾಗಾಗಿ ಅದು ನಿಮಗೆ ತಿಳಿಯದೆಯೇ ಆಗಿರಬಹುದು.

ಒಂದು ಸಲಕ್ಕೆ ಒಂದನ್ನೇ ತಿದ್ದಿ, ದಿನಾಂಕ ಬರೆದಿಡಿ. ಟಿಕ್ ತೆಗೆದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಇಂಡೆಕ್ಸ್ ಮಾಡಿ (ಪಟ್ಟಿಗೆ ಸೇರಿಸಿ) ಎಂದು ಕೋರುವ ಬಟನ್ ಒತ್ತಿದ್ದೆವು. ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು ಎಂದು ಗೂಗಲ್ ಹೇಳುತ್ತದೆ. ದಿನಾ ಒತ್ತಿದರೆ ಬೇಗ ಆಗುವುದಿಲ್ಲ. ನಮ್ಮ ಪುಟಗಳು ಒಂದೊಂದಾಗಿ ವಾಪಸ್ ಬರುವಷ್ಟರಲ್ಲಿ ದಸರಾ ಕಳೆದಿತ್ತು.

ಕೊನೆಗೆ ನೋಡಬೇಕಾದ್ದು ಬೀಗದ ಕೈ ಯಾರ ಹತ್ತಿರ ಇದೆ ಎಂದು. ಡೊಮೈನ್ (ಸೈಟಿನ ವೆಬ್ ವಿಳಾಸ) ಯಾರ ಹೆಸರಿನಲ್ಲಿದೆ, ಬಿಸಿನೆಸ್ ಪ್ರೊಫೈಲ್‌ನ ಮುಖ್ಯ ಮಾಲೀಕರ ಜಾಗದಲ್ಲಿ ಯಾರ ಇಮೇಲ್ ಇದೆ, ಸರ್ಚ್ ಕನ್ಸೋಲ್ ಯಾರ ಖಾತೆಯಲ್ಲಿದೆ. ಈ ಮೂರೂ ನಿಮ್ಮ ಹೆಸರಿನಲ್ಲಿರಲಿ, ಕೆಲಸ ಮಾಡುವವರಿಗೆ ಮ್ಯಾನೇಜರ್ ಅನುಮತಿ ಮಾತ್ರ ಕೊಡಿ. ಚಾಮರಾಜಪೇಟೆಯ ಆ ಹಿರಿಯರ ಫಾಂಟ್ ಸರಿಮಾಡಲು ನನಗೆ ಹಿಡಿದದ್ದು ಒಂದು ಮಧ್ಯಾಹ್ನ. ಸೈಟಿನ ಪಾಸ್‌ವರ್ಡ್ ಇದ್ದ ಹುಡುಗನನ್ನು ಪತ್ತೆ ಮಾಡಲು ಅವರಿಗೆ ಮೂರು ವಾರ ಹಿಡಿಯಿತು.